ಇಲ್ಲದ ಕುರಿಗೊಂದು ಟವಲ್

ಇಲ್ಲದ ಅಂಗಡಿ ಇಟ್ಟವನಿಗೂ ಗಿರಾಕಿಗಳ ಕಾಟ ತಪ್ಪುವುದಿಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ನಂಜನಗೂಡಿನಲ್ಲಿ ನನ್ನದೊಂದು ಸಣ್ಣ ಕಂಪ್ಯೂಟರ್ ತರಗತಿ ಇತ್ತು. ಬಿಡುವಾದಾಗ ವೆಬ್‌ಸೈಟ್ ಕಟ್ಟುವ ಒಂದು ಓಪನ್ ಸೋರ್ಸ್ ಸಾಧನಕ್ಕೆ ದುಡಿಯುತ್ತಿದ್ದೆ. ಅದನ್ನು ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದು, ತಿದ್ದಬಹುದು. ಅದರಿಂದ ಏನೇನು ಕಟ್ಟಬಹುದೆಂದು ತೋರಿಸಲು ಒಂದು ಡೆಮೊ ಅಂಗಡಿ ಇತ್ತು. ಅದನ್ನು ಸುಸ್ಥಿತಿಯಲ್ಲಿಡುವುದು ನನ್ನ ಪಾಲಿನ ಕೆಲಸ. ಮೊದಲು ಅದರಲ್ಲಿ ಮಾರಾಟಕ್ಕೆಂಬಂತೆ ಪುಸ್ತಕಗಳ ಚಿತ್ರ ಇಟ್ಟಿದ್ದರು. ನಾನು ಅವನ್ನು ತೆಗೆದು ರಸಬಾಳೆ, ಬನ್ನೂರು ಕುರಿ ಇಟ್ಟೆ.

೧. ಬಾಗಿಲು

ಪಕ್ಕದ ಮಳಿಗೆಯ ಟೈಲರ್ ಒಮ್ಮೆ ಬಂದು ಪರದೆ ನೋಡಿದ.

"ಅಂಗಡಿನಾ ಸಾ? ಹಣ್ಣೆಲ್ಲಿ?"

"ಇಲ್ಲ."

"ಗಲ್ಲಾಪೆಟ್ಟಿಗೆ?"

"ಇಲ್ಲ."

"ಸಂಬಳಾನಾದ್ರೂ?"

"ಅದೂ ಇಲ್ಲ."

"ಮತ್ತೆ ಬಾಗ್ಲು ಯಾಕ್ ತೆಗೀತೀರಿ?" ಎಂದ. ನಾನು ಒಂದು ಹೊಸ ಬಗೆಯ ಬಾಳೆಹಣ್ಣು ಸೇರಿಸಿದೆ.

೨. ತಡ

ಅಂಗಡಿಯ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ, "ಇದು ಮಾದರಿ ಮಾತ್ರ, ಏನೂ ಬರುವುದಿಲ್ಲ" ಎಂದು ಬರೆದಿದ್ದೆ. ಆದರೂ ಯಾವುದೋ ದೇಶದವನೊಬ್ಬ ಹಣ್ಣು ಬಂದಿಲ್ಲವೆಂದು ಮೇಲ್ ಕಳಿಸಿದ. ಮೇಲಿನ ಸಾಲು ಓದಿ ಎಂದು ಉತ್ತರಿಸಿದೆ. ಅವನು ಬರೆದ: "ಓದಿದ್ದೇನೆ. ಎಷ್ಟು ದಿನ ಬರುವುದಿಲ್ಲ ಎಂದು ಹಾಕಿಲ್ಲ."

೩. ಟವಲ್

ಟೈಲರನ ಮಾವ ಬನ್ನೂರಿನ ಕುರಿ ವ್ಯಾಪಾರಿ. ಮಗಳ ಮನೆಗೆ ಬಂದಾಗಲೆಲ್ಲ ನನ್ನಲ್ಲಿ ಬಂದು ಕೂರುತ್ತಿದ್ದ. ನನ್ನ ಅಂಗಡಿ ನೋಡಿ ಕೆರಳಿದ.

"ಏನ್ಸಾ ಇದು! ಕುರಿ ಬೆಲೆ ಊರೋರ್ಗೆಲ್ಲ ಕಾಣಂಗೆ ಬರ್ದಿದ್ದೀರಿ. ಮಾನ ಮರ್ಯಾದೆ ಬ್ಯಾಡ್ವಾ?"

ಸಂತೆಯಲ್ಲಿ ಕೊಳ್ಳುವವನೂ ಮಾರುವವನೂ ಟವಲಿನ ಕೆಳಗೆ ಕೈ ಇಟ್ಟು, ಬೆರಳು ಹಿಸುಕಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಕೂಡದು. ಅವನು ಹೇಳಿದ್ದು ಸರಿ ಎನ್ನಿಸಿತು. ಕುರಿಯ ಚಿತ್ರದ ಪಕ್ಕ ಬಿಳಿ ಟವಲಿನ ಚಿತ್ರವಿರುವ ಗುಂಡಿ ಮಾಡಿದೆ. ಒತ್ತಿದರೆ ಬೆಲೆ ಮಾಯ. ಮುಂದಿನ ಚೌಕಾಸಿ ಟೈಪ್ ಮಾಡಿಯೇ, ಅದು ಕೊಳ್ಳುವವನಿಗೂ ಮಾರುವವನಿಗೂ ಮಾತ್ರ ಕಾಣುತ್ತದೆ. ಅವನಿಗೆ ತೋರಿಸಿದೆ.

"ಬಿಳೀ ಟವಲ್ಲಾ ಸಾ? ಕೆಂಪುದ್ ಹಾಕಿ, ಕೊಳೆ ಕಾಣಾಕಿಲ್ಲ."

೪. ಚೌಕಾಸಿ

ವೆಬ್‌ಸೈಟ್ ಕಟ್ಟುವ ಆ ಸಾಧನಕ್ಕೆ ಹೊರದೇಶದಲ್ಲಿ ಒಬ್ಬ ಯಜಮಾನನಿದ್ದ. ನಾನು ಅವನ ಮುಖ ನೋಡಿದವನಲ್ಲ, ಮೇಲಿನಲ್ಲಷ್ಟೇ ಪರಿಚಯ. ಅವನು ಬರೆದ: "ಈ ಟವಲ್ ಜಗತ್ತಿಗೆ ಅರ್ಥವಾಗುವುದಿಲ್ಲ. ತೆಗೆಯಿರಿ. ಇಲ್ಲವಾದರೆ ನಿಮ್ಮ ಡೆಮೊವನ್ನೇ ಕಿತ್ತುಹಾಕುತ್ತೇವೆ."

ವರ್ಷಗಟ್ಟಲೆಯ ಕೆಲಸ. ಆದರೂ ಬಗ್ಗಲು ಮನಸ್ಸಾಗಲಿಲ್ಲ. "ಯಾವ ಅಂಗಡಿಯನ್ನಾದರೂ ಕಟ್ಟಬಹುದು ಎಂದು ಮುಖಪುಟದಲ್ಲಿ ಬರೆದವರು ನೀವು. ನಮ್ಮ ಕಡೆ ಕುರಿ ಮಾರುವುದು ಹೀಗೇ. ನಾನಂತೂ ತೆಗೆಯುವುದಿಲ್ಲ. ಕೀಳುವ ಮುಂಚೆ ಟವಲ್ ಒತ್ತಿ ಒಂದು ಕುರಿಯ ಬೆಲೆಯನ್ನಾದರೂ ಕೇಳಿ ನೋಡಿ," ಎಂದು ಬರೆದೆ.

ಒಂದು ಭಾನುವಾರ ಮಧ್ಯಾಹ್ನ ಯಜಮಾನ ಟವಲ್ ಒತ್ತಿದ. ವ್ಯಾಪಾರಿ ಪಕ್ಕದಲ್ಲೇ ಇದ್ದ. ಅವನು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಾ ಹೋದೆ.

ಯಜಮಾನನ ಮೊದಲ ಬೆಲೆಗೆ ವ್ಯಾಪಾರಿ ನಕ್ಕ. "ಕುರಿ ಮೊಕ ನೋಡಿ ಕೇಳು ಅನ್ನಿ."

ಯಜಮಾನ ಒಂದಿಷ್ಟು ಏರಿಸಿ, ಕುರಿಯ ವಯಸ್ಸು ತಿಳಿಯಲು ಅದಕ್ಕೆ ಎಷ್ಟು ಹಲ್ಲು ಬಂದಿವೆ ಎಂದು ಕೇಳಿದ.

"ಅಲೆಲೆ! ಹಲ್ ಕೇಳ್ತಾವ್ನೆ ಕಣ್ಸಾ. ಉಸಾರಾಗಿರಿ."

ಆಮೇಲೆ ಯಜಮಾನ ಮುನಿಸಿಕೊಂಡು ಹೊರಟೇ ಹೋದ. ಡೆಮೊ ಹೋಯಿತು ಎಂದುಕೊಂಡೆ. "ಬತ್ತಾನೆ ಬುಡಿ," ಎಂದು ವ್ಯಾಪಾರಿ ಕಾಲು ಚಾಚಿದ. ಬಂದ. ಮತ್ತೆ ಹೋದ. ಮತ್ತೆ ಬಂದ. ಬನ್ನೂರಿನ ಬಸ್ಸಿನ ಹೊತ್ತಾಯಿತು. ವ್ಯಾಪಾರಿ ಎದ್ದು, "ಕೊಡಾಕಿಲ್ಲ ಅಂತ ಒತ್ತಿ," ಎಂದ. ಒತ್ತಿದೆ.

ಬೆಳಗ್ಗೆ ಮೇಲ್ ಬಂದಿತ್ತು: "ಡೆಮೊ ಇರಲಿ. ಟವಲೂ ಇರಲಿ. ಆದರೆ ನಿಮ್ಮ ಕುರಿ ವ್ಯಾಪಾರಿಯನ್ನು ದಯವಿಟ್ಟು ಇನ್ನೊಮ್ಮೆ ಕೇಳಿ. ನಾನು ಇನ್ನೂ ಸ್ವಲ್ಪ ಏರಿಸಲು ಸಿದ್ಧ."

ಮುಂದಿನ ಸಲ ವ್ಯಾಪಾರಿ ಬಂದಾಗ ಕೇಳಿದೆ. ಅವನು ಎರಡೂ ಕೈ ಆಡಿಸಿಬಿಟ್ಟ.

"ಬ್ಯಾಡ ಸಾ! ಇಲ್ದಿರೋ ಕುರೀಗೇ ಹಿಂಗ್ ಚೌಕಾಸಿ ಮಾಡೋನು, ಇರೋ ಕುರಿ ತೋರ್ಸಿದ್ರೆ ನನ್ ಮೈಮ್ಯಾಲಿನ ಅಂಗೀನೂ ಬುಡಾಕಿಲ್ಲ!"