ಬಿ ವಿಂಗಿನ ಡೇಟಾ ಕೋಆರ್ಡಿನೇಟರ್

ಇದನ್ನು ಯಾರ ಹತ್ರವೂ ಹೇಳ್ಬೇಡ ಅಂತ ಅಮ್ಮ ಹೇಳಿದ್ದು. "ಕಡೇಪಕ್ಷ ನಿನ್ನ ಮದುವೆ ಆಗುವವರೆಗೆ" ಅಂತ ಆಮೇಲೆ ಸೇರಿಸಿದ್ದು. ನನಗೀಗ ಹತ್ತೊಂಬತ್ತು. ಅಷ್ಟು ವರ್ಷ ಕಾಯ್ಲಿಕ್ಕೆ ಆಗುದಿಲ್ಲ. ಟೀಚರ್ ಈಗಲೂ ನಮ್ಮ ಬಿಲ್ಡಿಂಗಲ್ಲೇ ಇದ್ದಾರೆ, ಮೂರನೇ ಮಾಳಿಗೆ, ಹಾಗಾಗಿ ಮೆಲ್ಲಗೆ ಹೇಳ್ತೇನೆ. ಲಿಫ್ಟಲ್ಲಿ ಸಿಕ್ಕಿದ್ರೆ ನಾವಿಬ್ಬರೂ ಮಾಳಿಗೆಯ ನಂಬರ್ ನೋಡ್ತಾ ನಿಲ್ತೇವೆ. ಮೊದಲು ಹಾಗಿರ್ಲಿಲ್ಲ.

ಇಂಥದ್ದೆಲ್ಲ ನನಗೇ ಯಾಕೆ ಆಗ್ತದೆ ಗೊತ್ತಿಲ್ಲ. ಬಾಯಿ ಬಿಟ್ಟರೆ ಎಂತಾದ್ರೂ ತಪ್ಪು ಮಾತಾಡ್ತೇನೆ ಅಂತ ಸುಮ್ಮನೆ ಕೂತರೆ, ಆ ತಪ್ಪು ಕೈಯಿಂದ ಆಗ್ತದೆ.

೧. ಕೆಲಸ ಸಿಕ್ಕಿದ್ದು

ಕೊರೋನಾದ ಎರಡನೇ ಅಲೆ. ಹತ್ತನೇ ಕ್ಲಾಸಿನ ಪರೀಕ್ಷೆ ರದ್ದಾಗಿತ್ತು. ಅಪ್ಪ ಪಕ್ಕದ ಥಾಣೆ ಪೇಟೆಯಲ್ಲಿ ಹೋಟೆಲ್ ಮ್ಯಾನೇಜರ್, ಹೋಟೆಲ್ ಬಂದ್, ಹಾಗಾಗಿ ಮನೆಯಲ್ಲೇ ಇದ್ದು ಅಮ್ಮನ ಸಾಂಬಾರಿಗೆ ಮಾರ್ಕ್ ಕೊಡ್ತಿದ್ರು. ನಾನು ಮೂಲೆಯಲ್ಲಿ ಪುಸ್ತಕ ಹಿಡ್ಕೊಂಡು ಕೂತದ್ದು.

ಪುಸ್ತಕ ಎಲ್ಲ ಟೀಚರದ್ದು. ನಮ್ಮ ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಲ್ಲಿ ಮರಾಠಿ. ನನಗೆ ಕನ್ನಡ ಓದ್ಲಿಕ್ಕೆ ಕಲಿಸಿದ್ದು 304ರ ಟೀಚರ್. ಧಾರವಾಡದ ಕಡೆಯವರು, ಇಲ್ಲೇ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು. ಡೊಂಬಿವಲಿಯಲ್ಲಿ ನಾನು ಬೆಲ್ ಒತ್ತದೆ ಒಳಗೆ ಹೋಗುವ ಒಂದೇ ಮನೆ ಅದು. "ಬಾರವಾ, ಚಪ್ಪಲಿ ಒಳಗ ಇಡು" ಅಂತ ಅಡುಗೆ ಮನೆಯಿಂದಲೇ ಕೂಗ್ತಿದ್ರು.

ಒಂದು ದಿನ ಸೊಸೈಟಿಯ ಸೆಕ್ರೆಟರಿ ಅಂಕಲ್ ಬಾಗಿಲಿಗೆ ಬಂದ್ರು. ಎರಡು ಮಾಸ್ಕ್, ಮೇಲೆ ಹೆಲ್ಮೆಟ್.

"ಬೇಟಾ, ಎಕ್ಸೆಲ್ ಆತಾ ಹೈ?" ಎಕ್ಸೆಲ್ ಬರ್ತದಾ ಅಂತ.

ನಾನು ತಲೆ ಆಡಿಸಿದೆ. ಎದುರಿಗೆ ಯಾರಾದ್ರೂ ನಿಂತ್ರೆ ನಾನು ಎಲ್ಲದಕ್ಕೂ ತಲೆ ಆಡಿಸುದು, ಅದು ಅಭ್ಯಾಸ. ಮರುದಿನ ಸೊಸೈಟಿಯ ವಾಟ್ಸಾಪ್ ಗ್ರೂಪಲ್ಲಿ ಬಂತು: ನಮ್ಮ ಸೊಸೈಟಿಯ ಕೋವಿಡ್ ಡೇಟಾ ಕೋಆರ್ಡಿನೇಟರ್, ಬಿ ವಿಂಗಿನ ಹುಡುಗಿ. ನಾಲ್ಕು ವಿಂಗಿನಲ್ಲಿ ಯಾರಿಗೆ ಜ್ವರ, ಯಾರಿಗೆ ಆಕ್ಸಿಜನ್ ಎಷ್ಟು, ಯಾರು ಆಸ್ಪತ್ರೆಗೆ ಹೋದ್ರು, ಎಲ್ಲ ಒಂದು ಶೀಟಿನಲ್ಲಿ. ಬೇರೆ ವಿಂಗಿನ ವಾಲಂಟಿಯರ್‌ಗಳು ತುಂಬುದು, ನಾನು ನೀಟ್ ಮಾಡಿ ಮುನಿಸಿಪಾಲಿಟಿಯ ಡಾಕ್ಟರ್ ಮೇಡಂಗೆ ಕಳಿಸುದು. ಬಿ ವಿಂಗಿಗೆ ಫೋನ್ ಮಾಡುದು ಕೂಡ ನಾನೇ ಅಂತ ಆಮೇಲೆ ಗೊತ್ತಾಯ್ತು.

ಅಪ್ಪ ಹೇಳಿದ್ರು, "ಇವಳು ಫೋನ್ ಮಾಡುದಾ? ಕೊರೋನಾ ಹೆದರಿ ಓಡ್ತದೆ ಬಿಡು."

೨. ತೊಂಬತ್ತೆಂಟು

ಫೋನಲ್ಲಿ ನನಗೆ ಮಾತು ಬರುದಿಲ್ಲ. ಹಾಗಾಗಿ ಎಂತ ಮಾತಾಡ್ಬೇಕು ಅಂತ ಹಿಂದಿಯಲ್ಲಿ ಬರೆದು ಇಟ್ಕೊಂಡೆ. ನಮಸ್ತೇ ಅಂಕಲ್, ತಬಿಯತ್ ಕೈಸೀ ಹೈ, ಆರೋಗ್ಯ ಹೇಗುಂಟು ಅಂತ. ಕೆಳಗೆ "ಇಲ್ಲಿ ಅವರಿಗೆ ಮಾತಾಡ್ಲಿಕ್ಕೆ ಬಿಡ್ಬೇಕು" ಅಂತ ನನಗೇ ಒಂದು ಸೂಚನೆ. ಮೊದಲನೇ ಫೋನಿನಲ್ಲೇ ಗಡಿಬಿಡಿಯಲ್ಲಿ ಅದನ್ನೂ ಓದಿ ಹೇಳಿದೆ. ಆ ಆಂಟಿ ಪಾಪ, "ಹಾಂ ಹಾಂ" ಅಂದ್ರು.

ನಾಲ್ಕನೇ ಮಾಳಿಗೆಯ ಒಬ್ರು ಅಂಕಲ್. ಪಾಸಿಟಿವ್, ಆದ್ರೆ ದನಿ ಗಟ್ಟಿ.

"ಅಂಕಲ್, ಆಕ್ಸಿಜನ್ ಎಷ್ಟು?"

"ಎಂಬತ್ತಾರು."

ತೊಂಬತ್ತರ ಕೆಳಗೆ ಬಂದ್ರೆ ಓಡ್ಬೇಕು ಅಂತ ಡಾಕ್ಟರ್ ಮೇಡಂ ಹೇಳಿದ್ರು. ನಾನು ಗ್ರೂಪಲ್ಲಿ ಕೆಂಪು ಚುಕ್ಕೆ ಇಟ್ಟು ಮೆಸೇಜು ಹಾಕಿದೆ. ಲಿಫ್ಟ್ ಆ ದಿನ ಕೆಟ್ಟಿತ್ತು. ಸೆಕ್ರೆಟರಿ ಅಂಕಲ್ ಮತ್ತು ವಾಚ್‌ಮನ್ ಸೇರಿ ಸಿಲಿಂಡರ್ ಹೊತ್ಕೊಂಡು ನಾಲ್ಕು ಮಾಳಿಗೆ ಹತ್ತಿದ್ರು. ಬಾಗಿಲು ತೆಗೆದದ್ದು ಅಂಕಲೇ, ಕೈಯಲ್ಲಿ ವಡಾಪಾವ್.

ಅವರು ಮಲಗಿಕೊಂಡು ಬೆರಳಿಗೆ ಮಶೀನ್ ಸಿಕ್ಕಿಸಿ ತಲೆಕೆಳಗಾಗಿ ಓದಿದ್ದು. 98ನ್ನು ಆ ಕಡೆಯಿಂದ ನೋಡಿದ್ರೆ 86. ಆ ಮನೆಯಲ್ಲಿ ಆ ಹೊತ್ತಿಗೆ ಉಸಿರಾಡ್ಲಿಕ್ಕೆ ಕಷ್ಟ ಆಗ್ತಿದ್ದದ್ದು ಸೆಕ್ರೆಟರಿ ಅಂಕಲ್‌ಗೆ ಮಾತ್ರ.

೩. ಎಂಐಡಿಸಿ ಟೆಸ್ಟ್

ಮೂಗಿಗೆ ವಾಸನೆ ಗೊತ್ತಾಗ್ತದಾ ಅಂತ ದಿನಾ ಕೇಳ್ಲಿಕ್ಕಿತ್ತು. ಒಬ್ಬೊಬ್ಬರು ಒಂದೊಂದು ಮೂಸಿ ನೋಡುದು: ಒಬ್ಬರು ಹಿಂಗು, ಒಬ್ಬರು ಅಗರಬತ್ತಿ, ಇನ್ನೊಬ್ಬರು ಗಂಡನ ಅಂಗಿ. ಇದು ಸೈಂಟಿಫಿಕ್ ಅಲ್ಲ ಅಂತ ನನಗೆ ಕಂಡಿತು. ಎಲ್ಲರಿಗೂ ಒಂದೇ ವಾಸನೆ ಬೇಕಲ್ಲ. ನಮ್ಮ ಬಿಲ್ಡಿಂಗಿನ ಹಿಂದೆಯೇ ಎಂಐಡಿಸಿ, ಬರೀ ಫ್ಯಾಕ್ಟರಿಗಳು. ಕೆಮಿಕಲ್ ವಾಸನೆ ಎಲ್ಲ ಮನೆಗೂ ಪುಕ್ಕಟೆ, ಸಮಾನ. ನಾನು ರೂಲ್ ಮಾಡಿದೆ: ಸಂಜೆ ಆರಕ್ಕೆ ಕಿಟಕಿ ತೆಗೀರಿ, ಮೂಗು ಎಳೀರಿ, ವಾಸನೆ ಬಂದ್ರೆ "ಎಸ್" ಕಳಿಸಿ.

ಎರಡು ದಿನ ಎಲ್ಲರದ್ದೂ ಎಸ್. ನನ್ನನ್ನು ನಾನೇ ಮೆಚ್ಚಿಕೊಂಡೆ.

ಮೂರನೇ ದಿನ ಇಡೀ ಬಿ ವಿಂಗ್ "ನೋ".

ಡಾಕ್ಟರ್ ಮೇಡಂಗೆ ಶೀಟ್ ಹೋಯ್ತು. ಅವರು ಕೂಡಲೇ ಫೋನ್ ಮಾಡಿ "ಒಂದೇ ದಿನ ಇಷ್ಟು ಜನ? ವಿಂಗ್ ಸೀಲ್ ಮಾಡ್ಬೇಕಾಗ್ತದೆ" ಅಂದ್ರು. ಸೆಕ್ರೆಟರಿ ಅಂಕಲ್ ಗೇಟಿಗೆ ಬಿದಿರು ಕಟ್ಟಿಸಿದ್ರು. ಅಷ್ಟರಲ್ಲಿ ಟೀಚರ್ ಫೋನ್.

"ಏನವಾ, ಕೆಳಗ ಬಿದಿರು ಯಾಕ ಕಟ್ಲಿಕ್ಹತ್ತ್ಯಾರ?"

ನಾನು ಹೇಳಿದೆ. ಅವರು ನಗ್ಲಿಕ್ಕೆ ಶುರು ಮಾಡಿ ನಿಲ್ಲಿಸ್ಲೇ ಇಲ್ಲ. "ಹುಚ್ಚಿ! ಗಾಳಿ ತಿರುಗೇದ! ಇವತ್ತಿನ ವಾಸನಿ ಎಲ್ಲಾ ಆ ಕಡಿ ಠಾಕುರ್ಲಿ ಮಂದಿಗೆ ಹೋಗೇದ!"

ಬಿದಿರು ಬಿಚ್ಚಿದ್ರು. ಟೀಚರ್ ಈ ವಿಷಯ ಬೇರೆ ಯಾರಿಗೂ ಹೇಳ್ಲಿಲ್ಲ, ಮೇಡಂ ಹತ್ರ ಅವರೇ ಮಾತಾಡಿ ಸರಿ ಮಾಡಿದ್ರು. ನಾಲ್ಕು ದಿನ ಬಿಟ್ಟು ಅವರದ್ದೇ ಫೋನ್ ಬಂತು, ಈ ಸಲ ನಗು ಇಲ್ಲ.

"ಗಾಳಿ ಈ ಕಡೆನೇ ಅದ ನೋಡವಾ. ಆದರ ನನಗ ಏನೂ ವಾಸನಿ ಬರವಲ್ದು."

ಟೆಸ್ಟ್ ಪಾಸಿಟಿವ್ ಬಂತು. ಒಂದೇ ಜೀವ, ನೋಡ್ಕೊಳ್ಳುವವರಿಲ್ಲ ಅಂತ ಕಲ್ಯಾಣದ ಕ್ವಾರಂಟೈನ್ ಸೆಂಟರಿಗೆ ಕರ್ಕೊಂಡು ಹೋದ್ರು. ಆಂಬುಲೆನ್ಸ್ ಹತ್ತುವಾಗ ನಾನು ಬಾಲ್ಕನಿಯಲ್ಲಿದ್ದೆ. ಅವರು ಮೇಲೆ ನೋಡಿ, ಬರೆದುಕೋ ಅನ್ನುವ ಹಾಗೆ ಗಾಳಿಯಲ್ಲಿ ಬೆರಳು ಆಡಿಸಿದ್ರು. ನಾನು ಒಳಗೆ ಹೋಗಿ ಶೀಟಿನಲ್ಲಿ ಬರೆದೆ: "ಸೆಂಟರ್‌ಗೆ ಶಿಫ್ಟ್." ಆಮೇಲೆ ಬಾತ್‌ರೂಮಿಗೆ ಹೋಗಿ ಅತ್ತೆ.

೪. ಎಬಿಸಿಡಿ

ಸೆಕ್ರೆಟರಿ ಅಂಕಲ್‌ಗೆ ಪ್ರಿಂಟ್ ಬೇಕಿತ್ತು. "ಬೇಟಾ, ಹೆಸರು ಹುಡುಕ್ಲಿಕ್ಕೆ ಆಗುದಿಲ್ಲ, ಎಬಿಸಿಡಿ ಪ್ರಕಾರ ಮಾಡು" ಅಂದ್ರು.

ನಾನು ಹೆಸರಿನ ಕಾಲಂ ಮಾತ್ರ ಸೆಲೆಕ್ಟ್ ಮಾಡಿ ಸಾರ್ಟ್ ಒತ್ತಿದೆ. ಕಂಪ್ಯೂಟರ್ ಎಂತದೋ ಕೇಳಿತು, ಪಕ್ಕದ ಕಾಲಂಗಳನ್ನೂ ಸೇರಿಸ್ಬೇಕಾ ಅಂತ. ನನಗೆ ಯಾರಾದ್ರೂ ಪ್ರಶ್ನೆ ಕೇಳಿದ್ರೆ ಗಾಬರಿ. ಬೇಗ ಮುಚ್ಚಿ ಹೋಗುವ ಬಟನ್ ಒತ್ತಿದೆ. ಹೆಸರೆಲ್ಲ ಚಂದಕ್ಕೆ ಎಬಿಸಿಡಿಯಲ್ಲಿ ನಿಂತವು. ಉಳಿದದ್ದೆಲ್ಲ, ಫ್ಲ್ಯಾಟ್ ನಂಬರ್, ಜ್ವರ, ಸ್ಟೇಟಸ್, ಅಲ್ಲಲ್ಲೇ ಉಳಿದವು.

ಹಾಗೆ ಮೇಲಿಂದ ಕೆಳಗೆ ನೋಡ್ತಾ ಬಂದೆ. ಟೀಚರ್ ಹೆಸರಿನ ಎದುರಿಗೆ "ಎಕ್ಸ್‌ಪೈರ್ಡ್".

ಫ್ಲ್ಯಾಟ್ ನಂಬರ್ ನೋಡಿದ್ದರೆ ಸಾಕಿತ್ತು, ಅದು 304 ಅಲ್ಲ. ಅಳುವಾಗ ಯಾರು ಫ್ಲ್ಯಾಟ್ ನಂಬರ್ ನೋಡ್ತಾರೆ? ಟೀಚರ್‌ಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ, ಸ್ವಿಚ್ ಆಫ್. ಸೆಂಟರಿನಲ್ಲಿ ಹನ್ನೆರಡು ಹಾಸಿಗೆಗೆ ಒಂದೇ ಚಾರ್ಜಿಂಗ್ ಪ್ಲಗ್ ಇತ್ತಂತೆ, ಅದು ಆಮೇಲೆ ಗೊತ್ತಾದದ್ದು. ಶೀಟ್ ಸೆಕ್ರೆಟರಿ ಅಂಕಲ್‌ಗೆ ಹೋಯ್ತು. ಹತ್ತು ನಿಮಿಷದಲ್ಲಿ ಗ್ರೂಪಲ್ಲಿ ಕಪ್ಪು ಚೌಕಟ್ಟು, ಟೀಚರ್ ಫೋಟೋ, "ಭಾವಪೂರ್ಣ ಶ್ರದ್ಧಾಂಜಲಿ".

ಕೈಮುಗಿದ ಚಿತ್ರಗಳ ಸಾಲು ಬಂತು. ಮಧ್ಯದಲ್ಲಿ ಗ್ರೌಂಡ್ ಫ್ಲೋರಿನ ಅಜ್ಜ ಯಾವತ್ತಿನಂತೆ ಗುಲಾಬಿ ಹಾಕಿ ಗುಡ್ ಮಾರ್ನಿಂಗ್ ಕಳಿಸಿದ್ರು. ಸಿ ವಿಂಗಿನವರೊಬ್ಬರು ಕೇಳಿದ್ರು, "ತುಂಬ ಬೇಸರ ಆಯ್ತು. 304 ಬಾಡಿಗೆಗೆ ಸಿಗ್ತದಾ?"

ನನ್ನ ನಾಚಿಕೆ ಎಲ್ಲ ಇಲ್ಲಿಗೇ ನಿಂತಿದ್ದರೆ ನಾನು ಇವತ್ತು ಇದನ್ನು ನಗ್ತಾ ಹೇಳ್ತಿದ್ದೆ.

೫. ಶ್ರದ್ಧಾಂಜಲಿ

ನನಗೂ ಬರೀಬೇಕು ಅನ್ನಿಸಿತು. ಕನ್ನಡದಲ್ಲೇ ಬರೀಬೇಕು. ನಮ್ಮ ಗ್ರೂಪಲ್ಲಿ ಕನ್ನಡ ಕೂತು ಓದುವವರು ಇಬ್ಬರೇ, ನಾನು ಮತ್ತು ಟೀಚರ್. ಅವರೇ ಹೋದ ಮೇಲೆ ಯಾರು ಓದ್ತಾರೆ ಅಂತ ಧೈರ್ಯ ಬಂತು. ಸತ್ತವರಿಗೆ ಸುಳ್ಳು ಹೇಳ್ಬಾರ್ದು ಅಂತಲೂ ಅನ್ನಿಸಿತು. ಪುಸ್ತಕ ಜಾಸ್ತಿ ಓದಿದ್ರೆ ಹೀಗೆಲ್ಲ ಅನ್ನಿಸ್ತದೆ.

ಟೀಚರ್ ಕವಿತೆ ಬರೀತಿದ್ರು. ಭಾನುವಾರ ಪುಸ್ತಕ ಬದಲಾಯಿಸ್ಲಿಕ್ಕೆ ಹೋದಾಗ ಓದಿ ಹೇಳ್ತಿದ್ರು. ನಾನು ಬರೆದದ್ದು ಹೀಗೆ: "ಟೀಚರ್ ಕವಿತೆ ಓದುವಾಗ ನಾನು ಅವರ ಹಿಂದಿನ ಕ್ಯಾಲೆಂಡರಿನಲ್ಲಿ ರಜೆ ಎಣಿಸುತ್ತಿದ್ದೆ. ಪ್ರತಿ ಸಲ 'ತುಂಬ ಚಂದ' ಎಂದೆ. ಒಂದೂ ಚಂದ ಇರಲಿಲ್ಲ. ಕೆಲವು ಮುಗಿಯುತ್ತಲೇ ಇರಲಿಲ್ಲ. ಒಮ್ಮೆ ನಾನು ಕಣ್ಣು ತೆರೆದುಕೊಂಡೇ ನಿದ್ದೆ ಮಾಡಿದೆ." ಆಮೇಲೆ ಬರೆದೆ: "ಆದರೂ ಪ್ರತಿ ಭಾನುವಾರ ಓಡಿ ಹೋಗುತ್ತಿದ್ದೆ. ನಾನು ಮಾತಾಡದಿದ್ದರೂ ಬೇಸರ ಮಾಡದವರು ಅವರೊಬ್ಬರೇ."

ಕಳಿಸಿದೆ. ಮೆಸೇಜು ಉದ್ದ ಆಗಿತ್ತು. ನಿದ್ದೆಯವರೆಗೆ ಕಾಣ್ತದೆ, ಅಲ್ಲಿಂದ ಕೆಳಗೆ "ಮುಂದೆ ಓದಿ" ಅಂತ ಒತ್ತಬೇಕು.

ಮಧ್ಯಾಹ್ನ ಟೀಚರದ್ದು ಅಂತ್ಯಕ್ರಿಯೆ ಯಾರು ಮಾಡ್ತಾರೆ ಅಂತ ಕೇಳ್ಲಿಕ್ಕೆ, ಶೀಟಿನಲ್ಲಿ ಅವರ ಹೆಸರಿನ ಎದುರಿಗಿದ್ದ "ಮನೆಯವರ ನಂಬರ್"ಗೆ, ಯಾರೋ ನೆಂಟರದ್ದಿರ್ಬೇಕು ಅಂತ, ಫೋನ್ ಮಾಡಿದೆ. ಒಬ್ಬರು ಗಂಡಸು ಎತ್ತಿದ್ರು.

"ಟೀಚರ್ ಹೋಗ್ಬಿಟ್ರಲ್ಲ, ನಮಗೆಲ್ಲ ತುಂಬಾ..." ಅಂತ ಹಿಂದಿಯಲ್ಲಿ ತೊದಲಿದೆ.

"ಬೇಟಾ, ನನ್ನ ಅಪ್ಪ ಟೀಚರ್ ಅಲ್ಲ. ರೈಲ್ವೆಯಲ್ಲಿದ್ದವರು. ಇದು ಡಿ ವಿಂಗ್."

ಆಗ ನಾನು ಫ್ಲ್ಯಾಟ್ ನಂಬರ್ ನೋಡಿದೆ. ಹಿಂದಿನ ರಾತ್ರಿ ಡಿ ವಿಂಗಿನ ವಾಲಂಟಿಯರ್ ತುಂಬಿದ ಸಾಲು ಅದು, ಸಾರ್ಟ್ ಮಾಡಿದಾಗ ಹೆಸರು ಮಾತ್ರ ಬದಲಾದದ್ದು. ಸಾರಿ ಅಂಕಲ್ ಅಂದೆ. "ಪರವಾಗಿಲ್ಲ, ನಿಮಗೂ ತುಂಬ ಕೆಲಸ" ಅಂದ್ರು ಅವರು. ಬೈದಿದ್ರೆ ಒಳ್ಳೇದಿತ್ತು.

ಫೋನ್ ಇಟ್ಟು ಗ್ರೂಪ್ ತೆಗೆದೆ. ಸೆಂಟರಿನಲ್ಲಿ ಟೀಚರ್‌ಗೆ ಪ್ಲಗ್ ಸಿಕ್ಕಿತ್ತು. ಮರಾಠಿ, ಹಿಂದಿ, ಕನ್ನಡ, ಮೂರರಲ್ಲೂ ಬರೆದಿದ್ರು: "ನಾ ಇನ್ನೂ ಅದೀನಿ. 304 ಬಾಡಿಗಿಗೆ ಇಲ್ಲ."

ಇಡೀ ಸೊಸೈಟಿ ನಕ್ಕಿತು. ಸೆಕ್ರೆಟರಿ ಅಂಕಲ್ ಕಪ್ಪು ಚೌಕಟ್ಟು ತೆಗೆದು, ಅದೇ ಫೋಟೋಗೆ ಹೂವಿನ ಚೌಕಟ್ಟು ಹಾಕಿ ಕಳಿಸಿದ್ರು. ನಾನೂ ನಗ್ಲಿಕ್ಕೆ ಹೊರಟೆ. ಆಗ ನನ್ನ ಮೆಸೇಜಿನ ಕೆಳಗೆ ಇನ್ನೊಂದು ಬಂತು, ಕನ್ನಡದಲ್ಲಿ ಮಾತ್ರ.

"ಅಷ್ಟು ಉದ್ದ ಇದ್ದುವೇನವಾ?"

ಡಿಲೀಟ್ ಮಾಡ್ಲಿಕ್ಕೆ ಓಡಿದೆ. ಟೈಮ್ ಮುಗಿದಿತ್ತು, ನನ್ನ ಫೋನಿಂದ ಮಾತ್ರ ಹೋಯ್ತು. ಈಗ ಸೊಸೈಟಿಯಲ್ಲಿ ಆ ಮೆಸೇಜು ಇಲ್ಲದ ಒಂದೇ ಮೊಬೈಲ್ ನನ್ನದು.

ಅಮ್ಮನಿಗೆ ಹೇಳಿದೆ. ಅಮ್ಮ ತಲೆಗೆ ಕೈ ಕೊಟ್ಟು ಕೂತ್ರು. "ಅವರು ಸತ್ತಿಲ್ಲ ಮಾರಾಯ್ತಿ, ನೀನು ಕೊಂದದ್ದು!" ಅಂದ್ರು. ಇದನ್ನು ಯಾರ ಹತ್ರವೂ ಹೇಳ್ಬೇಡ ಅಂದದ್ದು ಆಗಲೇ.

೬. ಮೂರನೇ ಮಾಳಿಗೆ

ಟೀಚರ್ ವಾಪಸ್ ಬಂದು, ಹದಿನಾಲ್ಕು ದಿನ ಕಳೆದ ಮೇಲೆ ನಾನು ಮೇಲೆ ಹೋದೆ. ಅವರು "ಮುಂದೆ ಓದಿ" ಒತ್ತಿದ್ರಾ ಇಲ್ವಾ, ನನಗೆ ಅಷ್ಟೇ ಗೊತ್ತಾಗ್ಬೇಕಿತ್ತು. ಒತ್ತಿಲ್ಲ ಅಂದ್ರೆ ಉಳಿದದ್ದನ್ನು ಬಾಯಲ್ಲೇ ಹೇಳಿ ಬರುದು.

ಬಾಗಿಲು ಹಾಕಿತ್ತು. ಆ ಬೆಲ್ಲಿನ ಶಬ್ದ ಹೇಗುಂಟು ಅಂತ ನನಗೆ ಗೊತ್ತಾದದ್ದು ಆ ದಿನ, ಅದರಲ್ಲಿ ಗಿಳಿ ಕೂಗ್ತದೆ.

ಒಳಗೆ ಚಪ್ಪಲಿ ಸರಿದ ಶಬ್ದ. ಬಾಗಿಲಿನ ಚಿಕ್ಕ ಕಣ್ಣು ಕಪ್ಪಾಯ್ತು, ಮತ್ತೆ ಬೆಳ್ಳಗಾಯ್ತು.

"ಟೀಚರ್, ನಾನು" ಅಂದೆ. ನನ್ನ ದನಿ ನನಗೇ ಕೇಳ್ಲಿಲ್ಲ. ಮಾಸ್ಕ್ ಕೆಳಗೆ ಎಳೆದು, ಹುಟ್ಟಿದ ಮೇಲೆ ಮೊದಲನೇ ಸಲ ಗಟ್ಟಿಯಾಗಿ ಕಿರುಚಿದೆ. "ಟೀಚರ್! ಕೆಳಗೆ ಇನ್ನೂ ಉಂಟು! ಮೆಸೇಜು ಅಲ್ಲಿಗೆ ಮುಗಿಯುದಿಲ್ಲ! ನಾನು ಓಡಿ ಬರ್ತಿದ್ದೆ ಅಂತ ಬರ್ದಿದ್ದೇನೆ!"

301 ತೆರೆಯಿತು. 302 ತೆರೆಯಿತು. 303ರ ಆಂಟಿ ಹಿಟ್ಟಿನ ಕೈಯಲ್ಲೇ ಬಂದು "ಕಾಯ್ ಝಾಲಂ, ಕಾಯ್ ಝಾಲಂ", ಎಂತಾಯ್ತು ಅಂತ ಕೇಳಿದ್ರು. ಮೇಲಿನ ಮೆಟ್ಟಿಲಿಂದ ನಾಲ್ಕನೇ ಮಾಳಿಗೆಯ ಅಂಕಲ್ ಇಣುಕಿದ್ರು. ನನ್ನನ್ನು ನೋಡಿದ್ದೇ ಬೆರಳಿಗೆ ಮಶೀನ್ ಸಿಕ್ಕಿಸಿ, ಕೈ ಸರಿಯಾಗಿ ತಿರುಗಿಸಿ, ನಿಧಾನಕ್ಕೆ ಓದಿದ್ರು. "ತೊಂಬತ್ತೇಳು, ಬೇಟಾ. ಲಿಖ್ ಲೋ."

302ರವರು ಒಳಗೆ ಓಡಿ ಥರ್ಮಾಮೀಟರ್ ತಂದ್ರು. 301ರ ಅಜ್ಜಿ "ನನಗೆ ವಾಸನೆ ಬರ್ತದೆ, ಎಸ್" ಅಂದ್ರು. ನಾನು ಬರೆದುಕೊಳ್ಳಲಿ ಅಂತ ಎಲ್ಲರೂ ನನ್ನ ಮುಖ ನೋಡ್ತಾ ನಿಂತರು. ನಾನು ತಲೆ ಆಡಿಸಿದೆ.

304ರ ಒಳಗೆ ಕುಕ್ಕರ್ ಕೂಗಿತು. ಒಂದು. ಎರಡು. ಮೂರು. ಮತ್ತೆ ಚಪ್ಪಲಿ ಸರಿಯಿತು, ಗ್ಯಾಸ್ ಆಫ್ ಆಯ್ತು. ನಾನು ಇನ್ನೊಮ್ಮೆ ಬೆಲ್ ಒತ್ತಿದೆ. ಗಿಳಿ ಪೂರ್ತಿ ಕೂಗಿ ಮುಗಿಸಿತು. ಯಾರೂ ಬರ್ಲಿಲ್ಲ.