ಏನೂ ಕಡಿಮೆಯಿಲ್ಲದ ಮನೆ

ನಮ್ಮ ಕಡೆಯವರಿಗೆ ಒಂದು ಚಾಳಿ ಇದೆ. "ಹ್ಯಾಂಗದೀರಿ?" ಎಂದು ಯಾರಾದರೂ ಕೇಳಿದರೆ ಸಾಕು, ಬಾಯಿ ತಾನಾಗಿಯೇ "ಆರಾಮ್ರಿ" ಎಂದುಬಿಡುತ್ತದೆ. ನಾನು ಕೆಲಸ ಮಾಡುವ ಗಜೇಂದ್ರಗಡದ ದವಾಖಾನೆಗೆ ಕಾಲು ಮುರಿದುಕೊಂಡು ಬಂದವರೂ ಡಾಕ್ಟರ ಎದುರು ಮೊದಲು "ಆರಾಮ್ರಿ" ಎಂದು, ಆಮೇಲೆ ಕಾಲು ತೋರಿಸುತ್ತಾರೆ. ಅವರನ್ನು ನೋಡಿ ನಗುತ್ತಿದ್ದೆ. ಈಗ ನಗುವುದಿಲ್ಲ. ಅದೇ ಚಾಳಿಯಿಂದಾಗಿ ನನ್ನ ಹೆಂಡತಿ ಇನ್ನೂ ಒಂದು ವರ್ಷ ನನ್ನಿಂದ ಎರಡು ಬಸ್ಸಿನ ದೂರದಲ್ಲಿ ಇರಬೇಕಾಗಿದೆ.

ದವಾಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೆಟ್ಟಿಲ ಕೆಳಗಿನ ಏಸಿ ಕೋಣೆಯಲ್ಲಿ ಮೂರು ಸರ್ವರ್‌ಗಳಿವೆ. ಮೊದಲಿನ ಹಾಗೆ, ಕೆಲಸ ಮಾಡುವ ಯಂತ್ರ ಒಂದು ಕಡೆ, ಮಾಹಿತಿ ಕೂಡಿಡುವ ಡಿಸ್ಕುಗಳ ಕಪಾಟು ಇನ್ನೊಂದು ಕಡೆ ಎಂದಿಲ್ಲ. ಪ್ರತಿಯೊಂದರ ಹೊಟ್ಟೆಯಲ್ಲೂ ಅದರದೇ ಡಿಸ್ಕುಗಳು. ಮೂರರದ್ದೂ ಸೇರಿ ಕೂಡು ಕುಟುಂಬದ ಕಣಜದಂತೆ ಒಂದೇ ಉಗ್ರಾಣ. ಸವಡಿಯ ಅಜ್ಜನೊಬ್ಬನ ಮೊಣಕಾಲಿನ ಎಕ್ಸ್‌ರೇ ಒಂದರಲ್ಲಿ ಬಂದು ಕುಳಿತರೆ, ಅದರ ನಕಲು ಆ ಕ್ಷಣವೇ ಇನ್ನೊಂದರಲ್ಲೂ ಕುಳಿತಿರುತ್ತದೆ. ಒಂದು ಸರ್ವರ್ ಸತ್ತರೂ ಉಳಿದೆರಡು ಅದರ ಕೆಲಸ ಹೊತ್ತುಕೊಳ್ಳುತ್ತವೆ. ಹೊರಗೆ ಕೂತವರ ಕೆಲಸ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಈ ಮಾತನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದೆ.

ಕಳೆದ ವರ್ಷ ಹೆಂಡತಿ ಸುಮಂಗಲಾಗೆ ನರಗುಂದದ ಹೈಸ್ಕೂಲಿಗೆ ವರ್ಗವಾಯಿತು. ರೋಣದಲ್ಲಿ ಬಸ್ಸು ಬದಲಿಸಿ ಹದಿನೈದು ದಿನ ಓಡಾಡಿ, ಸೊಂಟ ಹಿಡಿದುಕೊಂಡು, ಕೊನೆಗೆ ಅಲ್ಲೇ ಒಂದು ಖೋಲಿ ಹಿಡಿದಳು. ನಾನು ಎದೆಗುಂದಲಿಲ್ಲ, ಮನೆಯನ್ನೂ ಸರ್ವರ್ ಕೋಣೆಯ ಪದ್ಧತಿಗೆ ತಂದೆ. ಊಟಕ್ಕೆ ಖಾನಾವಳಿ, ಅದು ಮುಚ್ಚಿದರೆ ಪಕ್ಕದ ಮನೆಯ ಹಸೀನಾಬಿಯವರ ರೊಟ್ಟಿ, ಅವರೂ ಊರಿಗೆ ಹೋದರೆ ನನ್ನದೇ ಉಪ್ಪಿಟ್ಟು. ಶೇಂಗಾ ಚಟ್ನಿ ಎರಡು ಡಬ್ಬಿ, ಕೀಲಿಕೈ ಮೂರು. ದಿನಾ ಸಂಜೆ ಅವಳು ಫೋನ್ ಮಾಡಿ, "ಮನ್ಯಾಗ ಏನರ ಕಡಿಮಿ ಬಿದ್ದೈತೇನ್ರಿ?" ಎಂದು ಕೇಳುತ್ತಿದ್ದಳು. "ಏನೂ ಇಲ್ಲ. ಒಂದು ಹೋದ್ರ ಇನ್ನೊಂದೈತಿ. ನೀ ಚಿಂತಿ ಮಾಡಬ್ಯಾಡ, ಆರಾಮ ಅದೀನಿ" ಎನ್ನುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಲೋ ಆತು" ಎನ್ನುತ್ತಿದ್ದಳು. ಆ ಸುಮ್ಮನಿದ್ದದ್ದನ್ನು ನಾನು ನೆಟ್‌ವರ್ಕ್ ತೊಂದರೆ ಎಂದುಕೊಂಡಿದ್ದೆ.

ಖರೇ ಹೇಳಬೇಕೆಂದರೆ ನಾನು ಆರಾಮವಾಗಿರಲಿಲ್ಲ. ಖಾನಾವಳಿಯ ರೊಟ್ಟಿ ಅವಳ ರೊಟ್ಟಿಗಿಂತ ತೆಳ್ಳಗೆ, ಮೆತ್ತಗೆ ಇರುತ್ತದೆ; ಇದನ್ನು ದಯವಿಟ್ಟು ಅವಳಿಗೆ ಹೇಳಬೇಡಿ. ಆದರೆ ಊಟ ಮುಗಿದರೂ ನಾನು ಕೈ ತೊಳೆಯಲು ಏಳುತ್ತಿರಲಿಲ್ಲ. "ಇನ್ನೊಂದು ಹಾಕ್ಲೇನ್ರಿ?" ಎಂದು ಅವಳು ಕೇಳಬೇಕು, ನಾನು ಬೇಡ ಎನ್ನಬೇಕು, ಅವಳು ಹಾಕಿಯೇಬಿಡಬೇಕು, ಅದಕ್ಕೆ ಕಾಯುತ್ತ ಕೂತಿರುತ್ತಿದ್ದೆ. "ಆತೇನ್ರಿ ಸರ? ಹಿಂದ ಮಂದಿ ನಿಂತಾರ" ಎಂದು ಖಾನಾವಳಿಯವರು ಎಬ್ಬಿಸುತ್ತಿದ್ದರು. ಮನೆಗೆ ಬಂದರೆ ಹಗ್ಗದ ಮೇಲೆ ಬರೀ ನನ್ನ ಅಂಗಿಗಳು. ಅವಳ ಸೀರೆ ಒಣಗುತ್ತಿದ್ದ ಜಾಗವನ್ನು ಬಿಟ್ಟೇ ಹಾಕುತ್ತಿದ್ದೆ. ನನಗೆ ಅವಳು ಬೇಕಾಗಿದ್ದಳು, ಇಷ್ಟೇ ಮಾತು. ಇಷ್ಟನ್ನು ಫೋನಿನಲ್ಲಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ.

ಈ ನಡುವೆ ಸ್ಕ್ಯಾನುಗಳು ಹೆಚ್ಚಿ ಜಾಗ ಸಾಲದೆ ನಾಲ್ಕನೆಯ ಸರ್ವರ್ ಬಂತು. ಹೊಸದು ಸೇರಿದೊಡನೆ ಉಳಿದ ಮೂರೂ ತಮ್ಮ ಹೊರೆಯಲ್ಲಿ ಒಂದಿಷ್ಟು ಅದಕ್ಕೆ ದಾಟಿಸುತ್ತವೆ. ಎರಡು ದಿನದ ಕೆಲಸ. ಅವು ತಾವೇ ಮಾಡಿಕೊಳ್ಳುತ್ತವೆ, ಯಾರೂ ಕಾಯಬೇಕಿಲ್ಲ. ನಾನು ಕಾದೆ. ಶುಕ್ರವಾರ ಸುಮಂಗಲಾ ಫೋನ್ ಮಾಡಿದಳು.

"ನಾಳೆ ಬರ್ತೀರೇನ್ರಿ? ಒಂದು ಮಾತು ಕೇಳೂದಿತ್ತು."

"ನಾಳೆ ಹ್ಯಾಂಗ ಬರ್ಲಿ? ನಾಲ್ಕನೇದು ಸೇರ್ಸೀನಿ. ಫೋನಿನ್ಯಾಗ ಕೇಳು."

"ಏನಿಲ್ಲ ಬಿಡ್ರಿ. ಮನ್ಯಾಗ ಎಲ್ಲಾ ನಡದೈತಿಲ್ಲೋ?"

"ಭರ್ಜರಿ ನಡದೈತಿ. ಏನೂ ಕಡಿಮಿ ಇಲ್ಲ."

ಮತ್ತೆ ಅದೇ ನೆಟ್‌ವರ್ಕ್ ತೊಂದರೆ.

ಸೋಮವಾರ ಹಸೀನಾಬಿಯವರು ರೊಟ್ಟಿ ಕೊಡಲು ಬಂದರು. ಅವರು ಇಲ್ಲಿಯ ಹೈಸ್ಕೂಲಿನಲ್ಲಿ ಬಿಸಿಯೂಟ ಮಾಡುವವರು, ಸಾಲೆಯ ಸುದ್ದಿಯೆಲ್ಲ ಅವರಿಗೆ ಮೊದಲು ಗೊತ್ತು. "ಯಾಕ ತಮ್ಮಾ, ನಿನ್ನ ಹೇಣ್ತಿ ವರ್ಗಕ್ಕ ಅರ್ಜಿನ ಹಾಕಿಲ್ಲಂತ? ನಮ್ಮ ಸಾಲ್ಯಾಗ ಜಾಗ ಖಾಲಿ ಇತ್ತು. ಶನಿವಾರ ಸಂಜೀಮಟ ಟೈಮ್ ಇತ್ತಲ್ಲೋ" ಎಂದರು. ರೊಟ್ಟಿ ಕೈಯಲ್ಲೇ ಉಳಿಯಿತು.

ಸಿಕ್ಕ ಬಸ್ಸು ಹತ್ತಿ ನರಗುಂದಕ್ಕೆ ಹೋದೆ. ಸುಮಂಗಲಾ ಹುಡುಗರ ನೋಟ್‌ಬುಕ್ ತಿದ್ದುತ್ತ ಕೂತಿದ್ದಳು.

"ಅರ್ಜಿ ಯಾಕ ಹಾಕಲಿಲ್ಲ?" ಎಂದೆ.

"ನಿಮಗ ಏನೂ ಕಡಿಮಿ ಇರಲಿಲ್ಲಲ್ರಿ" ಎಂದಳು, ತಲೆ ಎತ್ತದೆ. "ಇಲ್ಲಿ ಹತ್ತನೇ ಕ್ಲಾಸಿನ ಹುಡುಗ್ಯಾರು 'ಬಿಟ್ಟು ಹೋಗಬ್ಯಾಡ್ರಿ ಟೀಚರ್' ಅಂತ ಅಳಾಕ ಹತ್ತಿದ್ರು. ಬೇಕು ಅಂದವರ ಕಡೆ ಉಳದ್ನಿ."

"ನನಗ ನೀ ಬೇಕು ಸುಮಾ. ನಾ ಒಂದಿನಾನೂ ಆರಾಮ ಇರಲಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. ನಗುತ್ತಲೇ ಕಣ್ಣೊರೆಸಿಕೊಂಡು, "ಇದನ್ನ ಶನಿವಾರ ಐದರೊಳಗ ಹೇಳಬೇಕಿತ್ರಿ" ಎಂದಳು.

ಇನ್ನು ಅರ್ಜಿ ಹಾಕುವುದು ಬರುವ ವರ್ಷ. ನನ್ನ ಕೋಣೆಯಲ್ಲಿ ಒಂದೇ ಒಂದು ಡಿಸ್ಕು ಕೈಕೊಟ್ಟರೂ ಯಂತ್ರ ಅರೆಗಳಿಗೆ ತಡೆಯುವುದಿಲ್ಲ. ಇಡೀ ದವಾಖಾನೆಗೆ ಕೇಳುವಂತೆ ಬೊಬ್ಬೆ ಹಾಕುತ್ತದೆ. ಹಾಗೆ ಬೊಬ್ಬೆ ಹಾಕಲು ಅದಕ್ಕೆ ಕಲಿಸಿದವನು ನಾನೇ.