ಕೆಂಪು ಬಾವುಟ ಕಂಡೂ ನಿಲ್ಲದ ದೊಡ್ಡತ್ತೆಯವರಿಗೆ

ಮಾನ್ಯ ದೊಡ್ಡತ್ತೆಯವರ ಸನ್ನಿಧಿಗೆ,
(ಕಂದು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ)
ಕುದುರೆ ಲಾಯ, ಎಡಸಾಲು, ಮೂರನೇ ಅಂಕಣ.

ಮಾನ್ಯರೇ,

ತಮ್ಮ ನಾಲ್ಕೂ ಪಾದಗಳಿಗೆ, ಕಳೆದ ವಾರ ಹೊಡೆಸಿದ ಹೊಸ ಲಾಳಗಳ ಸಮೇತ, ಈ ಬಡಪಾಯಿಯ ನಮಸ್ಕಾರಗಳು. ತಾವು ಹುಲ್ಲು ನೀರು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರೆಂದು ಲಾಯದ ಯಜಮಾನರಿಂದ ತಿಳಿದು ಸಂತೋಷವಾಯಿತು. ನಮ್ಮ ಮನೆಯಲ್ಲಿಯೂ ಒಂದು ಬಲ ಮಣಿಕಟ್ಟಿನ ಹೊರತು ಉಳಿದೆಲ್ಲವೂ ಕ್ಷೇಮ. ಆ ಮಣಿಕಟ್ಟು ನನ್ನ ಹೆಂಡತಿಯದು. ಅದು ಮುರಿದದ್ದು ಮೂರು ವಾರದ ಹಿಂದೆ, ನಮ್ಮ ಊರಿನ ಸವಾರಿ ಹಬ್ಬದ ದಿನ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ತಮ್ಮ ಬೆನ್ನಿನಿಂದ ನೆಲದವರೆಗೆ ಅವಳು ಕೈಗೊಂಡ ಸುಮಾರು ಐದು ಅಡಿಯ ಪ್ರಯಾಣದಲ್ಲಿ. ಅದೇ ವಿಷಯವಾಗಿ ಈ ದೂರು.

ನಾನು ಯಾರೆಂದು ತಮಗೆ ಗೊತ್ತು. ಗೊತ್ತಿದ್ದೂ ನನ್ನನ್ನು ಕಂಡೊಡನೆ ಗೋಡೆಯ ಕಡೆ ತಿರುಗಿ ನಿಲ್ಲುವುದು ತಮ್ಮ ಪದ್ಧತಿಯಾದ್ದರಿಂದ ಮತ್ತೊಮ್ಮೆ ಹೇಳಿಕೊಳ್ಳುತ್ತೇನೆ. ಮೂವತ್ತನಾಲ್ಕು ವರ್ಷ ಗೂಡ್ಸ್ ರೈಲಿನ ಕೊನೆಯ ಡಬ್ಬಿಯಲ್ಲಿ ಕೂತು ಗಾರ್ಡ್ ಕೆಲಸ ಮಾಡಿ, ಹೋದ ವರ್ಷ ನಿವೃತ್ತನಾದವನು ನಾನು. ನಾನು ಮನೆಯಲ್ಲಿ ಕೂತ ಮೂರನೇ ವಾರಕ್ಕೆ ನನ್ನ ಹೆಂಡತಿ, ಐವತ್ತಾರು ತುಂಬಿದವಳು, ಹೊಲಿಗೆ ತರಗತಿಯ ಮೇಡಂ, ಕುದುರೆ ಸವಾರಿ ಕಲಿಯಲು ತಮ್ಮ ಲಾಯಕ್ಕೆ ಸೇರಿದಳು. ಎರಡಕ್ಕೂ ಸಂಬಂಧವಿಲ್ಲವೆಂದು ಅವಳು ಇವತ್ತಿಗೂ ಹೇಳುತ್ತಾಳೆ. ಕುದುರೆ ಕಂಡರೆ ಕಾಲು ನೋವು ಎಂಬ ಗಾದೆ ನಮ್ಮ ಮನೆಯಲ್ಲಿ ತಿರುಗುಮುರುಗಾಯಿತು. ತಮ್ಮನ್ನು ಕಂಡ ಮೇಲೆ ಅವಳ ಹತ್ತು ವರ್ಷದ ಮೊಣಕಾಲು ನೋವು ಹೇಳದೆ ಕೇಳದೆ ಹೊರಟುಹೋಯಿತು.

ಕಲಿಯಲು ಬಂದವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮೂಗಿನಲ್ಲಿ ಉಸಿರು ಬಿಡುವ ತಮ್ಮ ರೀತಿಗೇ ದೊಡ್ಡತ್ತೆ ಎಂಬ ಹೆಸರು ಬಂದದ್ದಂತೆ. ಅಡುಗೆ ಬಾಯಿಗಿಡುವ ಮೊದಲೇ ಉಪ್ಪು ಜಾಸ್ತಿಯೆನ್ನುವ ಅತ್ತೆಯಂದಿರ ನೋಟವದು. ಆದರೂ ನನ್ನ ಹೆಂಡತಿ ಬೇರೆ ಯಾವ ಕುದುರೆಯನ್ನೂ ಒಪ್ಪಲಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ತಾಯಿಯ ಜೊತೆ ಪಳಗಿದ ಅನುಭವವಿದೆ, ಇವರನ್ನೂ ನಿಭಾಯಿಸುತ್ತೇನೆ ಎಂದಳು. ಹಾಗೆಯೇ ನಿಭಾಯಿಸಿದಳು ಕೂಡ.

ಇನ್ನು ನನ್ನ ವಿಷಯ. ರೈಲಿನಲ್ಲಿ ಒಂದೂ ಅಪಘಾತವಿಲ್ಲದೆ ನಿವೃತ್ತನಾದವನು ಊರಲ್ಲಿ ನಾನೊಬ್ಬನೇ ಎಂಬ ಕಾರಣಕ್ಕೆ, ಹಬ್ಬದ ಸಮಿತಿಯವರು ಸುರಕ್ಷತೆ ಮತ್ತು ಸದ್ವರ್ತನೆಯ ಉಪಸಮಿತಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಕುದುರೆಯ ಬಗ್ಗೆ ನನಗೆ ಏನು ಗೊತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಊಟದ ಮೇಜಿನ ಮುಂದೆ ಕೂತು ಎರಡೇ ದಿನದಲ್ಲಿ ಇಪ್ಪತ್ತೆರಡು ನಿಯಮ ಬರೆದೆ. ಎರಡು ಕುದುರೆಗಳ ನಡುವೆ ಒಂದು ಬೋಗಿಯಷ್ಟು ಅಂತರ ಇರತಕ್ಕದ್ದು. ಸವಾರರು ಚಲಿಸುವಾಗ ಹೊರಗೆ ಬಾಗತಕ್ಕದ್ದಲ್ಲ. ವೇದಿಕೆಯ ಮುಂದೆ ನಿಂತಿರುವಾಗ ಕುದುರೆಗಳು ಮಲಮೂತ್ರ ವಿಸರ್ಜನೆ ಮಾಡತಕ್ಕದ್ದಲ್ಲ. ಈ ಕೊನೆಯದನ್ನು ಆ ದಿನ ಮೂವತ್ತೊಂದು ಕುದುರೆಗಳಲ್ಲಿ ತಾವೊಬ್ಬರೇ ಅಕ್ಷರಶಃ ಪಾಲಿಸಿದಿರೆಂಬುದನ್ನು ಇಲ್ಲಿ ಗೌರವದಿಂದ ದಾಖಲಿಸುತ್ತೇನೆ. ಒಂಬತ್ತನೇ ನಿಯಮವೇ ನಮ್ಮಿಬ್ಬರ ವ್ಯಾಜ್ಯಕ್ಕೆ ಮೂಲ: ಅಪಾಯ ಕಂಡುಬಂದಲ್ಲಿ ಅಧ್ಯಕ್ಷರು ಎದುರಿಗೆ ಬಂದು, ಮೂರು ಸಲ ಸೀಟಿ ಊದಿ, ಕೆಂಪು ಬಾವುಟವನ್ನು ತಲೆಯ ಮೇಲೆ ಬೀಸತಕ್ಕದ್ದು, ಕುದುರೆಗಳು ಕೂಡಲೇ ನಿಲ್ಲತಕ್ಕದ್ದು.

ತಾವು ನಿಲ್ಲಲಿಲ್ಲ. ನಾನು ಎದುರಿಗೆ ಬಂದೆ, ಸೀಟಿ ಊದಿದೆ, ಬಾವುಟ ಬೀಸಿದೆ. ತಾವು ನಿಲ್ಲುವ ಬದಲು ಪಕ್ಕಕ್ಕೆ ಹಾರಿದಿರಿ. ನನ್ನ ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಯಾವ ರೈಲೂ ನನ್ನ ಬಾವುಟಕ್ಕೆ ಹೆದರಿ ಪಕ್ಕಕ್ಕೆ ಹಾರಿದ್ದಿಲ್ಲ. ಆದ್ದರಿಂದ ತನಿಖೆ ಮಾಡಲು ಅದೇ ಉಪಸಮಿತಿಯನ್ನು, ಅಂದರೆ ನನ್ನನ್ನೇ, ನೇಮಿಸಿದಾಗ, ನಾನು ಮೂರು ಪುಟದ ವರದಿ ಬರೆದು, ಸಂಕೇತವನ್ನು ಉಲ್ಲಂಘಿಸಿದ ತಪ್ಪು ಪೂರ್ತಿಯಾಗಿ ತಮ್ಮದೇ ಎಂದು ತೀರ್ಮಾನಿಸಿದೆ. ಏಳು ಜನ ಸಹಿ ಹಾಕಿದೆವು. ಈ ಶುಕ್ರವಾರ ಸಮಿತಿಯ ಸಭೆಯಲ್ಲಿ ಕೈ ಎತ್ತಿಸಿ ತಮ್ಮ ಹೆಸರನ್ನು ಸವಾರಿ ಕುದುರೆಗಳ ಪಟ್ಟಿಯಿಂದ ಹೊಡೆದುಹಾಕುತ್ತಾರೆ, ಪಟ್ಟಿಯಲ್ಲಿಲ್ಲದ ಕುದುರೆಯನ್ನು ಲಾಯ ಇಟ್ಟುಕೊಳ್ಳುವುದಿಲ್ಲ, ಶನಿವಾರ ಲಾರಿ ಬರುತ್ತದೆ, ಅಲ್ಲಿಂದಾಚೆಗೆ ತಾವು ದೂರದ ಇಟ್ಟಿಗೆ ಗೂಡಿನಲ್ಲಿ ಬಂಡಿ ಎಳೆಯುತ್ತೀರಿ. ಹದಿನೇಳು ವರ್ಷದ ತಮಗೆ ಅದು ಎಷ್ಟು ದಿನದ ಮಾತು ಎಂದು ಲಾಯದ ಯಜಮಾನರನ್ನು ಕೇಳಿದೆ. ಅವರು ಬಕೆಟ್ ತೊಳೆಯಲು ಹೋದರು.

ದಯವಿಟ್ಟು ತಪ್ಪು ತಿಳಿಯಬೇಡಿ, ಸಮಿತಿಯು ಶಿಸ್ತಿನಲ್ಲಿ ಯಾರಿಗೂ ಭೇದ ಮಾಡುವುದಿಲ್ಲ. ಮೆರವಣಿಗೆಯ ನಡುವೆ ಎರಡೂ ಕೈ ಬಿಟ್ಟು ಫೋನಿನಲ್ಲಿ ತನ್ನದೇ ಚಿತ್ರ ತೆಗೆದುಕೊಳ್ಳುತ್ತಿದ್ದ ದಂತವೈದ್ಯರಿಗೆ ಅತ್ಯುತ್ತಮ ಸವಾರ ಎಂಬ ಬಹುಮಾನ ಕೊಟ್ಟಿದೆ. ಕುದುರೆಯ ಬಾಲ ಹಿಡಿದು ನೋಡು ಎಂದು ಮಗುವನ್ನು ಎತ್ತಿ ತೋರಿಸಿದ ತಂದೆಯನ್ನು ಬರುವ ವರ್ಷ ಸ್ವಯಂಸೇವಕನನ್ನಾಗಿ ತೆಗೆದುಕೊಂಡಿದೆ. ನಡುರಸ್ತೆಯಲ್ಲಿ ಅಂಗಾತ ಮಲಗಿ ಗೊರಸುಗಳ ಚಿತ್ರ ತೆಗೆದ ಫೋಟೋಗ್ರಾಫರನಿಗೆ ಮೇಲಿನಿಂದ ಕೊಡೆ ಹಿಡಿಸಿದೆ. ನನ್ನ ಸೀಟಿಗೆ ಬೆಚ್ಚಿದವರು ತಾವೊಬ್ಬರೇ ಅಲ್ಲ, ಖಜಾಂಚಿಯವರು ಕುರ್ಚಿಯಿಂದ ಹಾರಿ ಬ್ಯಾಂಡಿನವರ ದೊಡ್ಡ ಡೋಲಿನ ಮೇಲೆ ಬಿದ್ದರು. ಅವರನ್ನು ಇಟ್ಟಿಗೆ ಗೂಡಿಗೆ ಕಳಿಸುವ ಪ್ರಸ್ತಾಪ ಯಾರಿಂದಲೂ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಮಾತನ್ನು ಕೇಳಿದ್ದೆ. ಎಮ್ಮೆಯ ಜಾಗದಲ್ಲಿ ಕುದುರೆಯನ್ನು ನಿಲ್ಲಿಸಿದ ಕೀರ್ತಿ ನಮ್ಮ ಸಮಿತಿಗೆ ಸಲ್ಲಬೇಕು.

ಹೀಗಿರುವಾಗ ನನ್ನ ದೂರಿನ ಅಂಶಗಳನ್ನು ತಾವು ಶಾಂತವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಮೊದಲನೆಯದಾಗಿ, ಕುದುರೆಗಳ ಕಣ್ಣಿಗೆ ಕೆಂಪು ಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಎಂಬ ಸಂಗತಿಯನ್ನು ತಾವು ಮೊದಲೇ ಲಿಖಿತವಾಗಿ ತಿಳಿಸಬಹುದಿತ್ತು. ಹಬ್ಬ ಮುಗಿದು ಎರಡು ವಾರವಾದ ಮೇಲೆ ಪಶುವೈದ್ಯೆಯ ಬಾಯಿಂದ ಅದನ್ನು ಕೇಳಿ ನನಗಾದ ಅವಮಾನ ಅಷ್ಟಿಷ್ಟಲ್ಲ. ಅಂದರೆ ಆ ದಿನ ತಮಗೆ ಕಂಡದ್ದು ಸಂಕೇತವಲ್ಲ. ಮುಖದ ಮುಂದೆ ಪಟಪಟನೆ ಹೊಡೆದುಕೊಳ್ಳುವ ಒಂದು ಬಟ್ಟೆ, ಅದರ ಕೆಳಗೆ ಕಿರುಚುತ್ತ ಕುಣಿಯುವ ಒಬ್ಬ ಮುದುಕ. ಇನ್ನು ಮುಂದಾದರೂ ಕೆಂಪನ್ನು ಕೆಂಪಾಗಿ ಕಾಣುವ ಅಭ್ಯಾಸ ಮಾಡಿಕೊಂಡು, ಏಳು ದಿನದೊಳಗೆ ಮೂರು ಪ್ರತಿಗಳಲ್ಲಿ ಸಮಜಾಯಿಷಿ ನೀಡಬೇಕು. ಸಹಿಯ ಬದಲು ಗೊರಸಿನ ಗುರುತು ಆಗಬಹುದು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ, ಎದ್ದುಹೋಗಿ ಎರಡು ಲೋಟ ನೀರು ಕುಡಿದೆ. ಇದರ ಮುಂದಿನದನ್ನು ಬರೆಯದಿದ್ದರೆ ಈ ದೂರು ಆ ವರದಿಯಷ್ಟೇ ಪೊಳ್ಳಾಗುತ್ತದೆ.

ಮಾನ್ಯರೇ, ಆ ದಿನ ಅಪಾಯವೇ ಇರಲಿಲ್ಲ. ನನ್ನ ಹೆಂಡತಿಯ ಗಲ್ಲದ ಕೆಳಗೆ ಏನೋ ನೇತಾಡುತ್ತಿದ್ದುದನ್ನು ನೋಡಿ, ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿಕೊಂಡಿದೆ ಎಂದುಕೊಂಡು ನಾನು ಓಡಿಬಂದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಆ ಪಟ್ಟಿಯನ್ನು ಬಿಚ್ಚಲು ಒದ್ದಾಡಿದರು, ಇಷ್ಟು ಭದ್ರವಾಗಿ ಹಾಕಿಕೊಂಡವರನ್ನು ನೋಡಿಲ್ಲ ಎಂದರು. ನೇತಾಡುತ್ತಿದ್ದದ್ದು ಅವಳ ಕನ್ನಡಕದ ದಾರ. ಅದನ್ನು ತಂದುಕೊಟ್ಟವನೂ ನಾನೇ. ಈ ಯಾವುದೂ ವರದಿಯ ಮೂರು ಪುಟಗಳಲ್ಲಿ ಇಲ್ಲ. ಬಾವುಟ ಎಂಬ ಪದ ಒಂದೇ ಕಡೆ ಬರುತ್ತದೆ, ಅದೂ ನಿಯಮಾನುಸಾರ ಬೀಸಲಾಯಿತು ಎಂದು, ಬೀಸಿದವರು ಯಾರೆಂದು ಗೊತ್ತಾಗದ ಹಾಗೆ. ಕುಣಿಯಲಾರದವರು ನೆಲ ಡೊಂಕು ಎಂದರಂತೆ. ನಾನು ಅದನ್ನು ಟೈಪು ಮಾಡಿಸಿ ಸಹಿ ಹಾಕಿಸಿದೆ.

ವರದಿಯ ಪ್ರತಿ ಲಾಯದ ಫಲಕದಲ್ಲಿ ಅಂಟಿಸಿದ ದಿನ ನನ್ನ ಹೆಂಡತಿ ಅದನ್ನು ಪೂರ್ತಿ ಓದಿಕೊಂಡು ಮನೆಗೆ ಬಂದಳು. ಗದರಲಿಲ್ಲ. ಎಡಗೈಯಲ್ಲಿ ಚಮಚ ಹಿಡಿದು ಊಟ ಮುಗಿಸಿ, ತಟ್ಟೆ ಸರಿಸಿ, ಒಂದೇ ಮಾತು ಹೇಳಿದಳು.

"ರೀ, ಬಿದ್ದವಳು ನಾನು, ಬೀಳಿಸಿದವರು ನೀವು. ನಡುವೆ ಆ ಮೂಕಪ್ರಾಣಿ ಹೆಸರು ಯಾಕೆ ಬರೆದ್ರಿ?"

ಅವತ್ತಿನಿಂದ ನಮ್ಮ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಇವೆರಡೇ ಮಾತು ಉಳಿದಿವೆ. ನಿವೃತ್ತನಾದವನಿಗೆ ಮನೆಯಲ್ಲಿ ಮಾತಿಲ್ಲದಿದ್ದರೆ ಹಗಲು ಎಷ್ಟು ಉದ್ದ ಎಂದು, ದಿನವಿಡೀ ಗೋಡೆ ನೋಡುವ ತಮಗೆ ನಾನು ವಿವರಿಸಬೇಕಿಲ್ಲ.

ವರದಿಯಲ್ಲಿ ನಾನು ಬಿಟ್ಟ ಇನ್ನೊಂದು ಸಂಗತಿಯಿದೆ. ಅದನ್ನು ಬಿಟ್ಟದ್ದೇ ನನ್ನ ನಿಜವಾದ ಅಪರಾಧ. ಅವಳು ಬಿದ್ದ ಜಾಗ ವೇದಿಕೆಯ ಪಕ್ಕದ ಕಿರಿದಾದ ತಿರುವು, ಎರಡೂ ಕಡೆ ಮರದ ಬೇಲಿ. ಹಿಂದೆ ಹನ್ನೆರಡು ಕುದುರೆಗಳಿದ್ದವು, ನನ್ನ ಸೀಟಿಗೆ ಅವುಗಳಲ್ಲಿ ನಾಲ್ಕು ಕೆರಳಿ ನುಗ್ಗಿ ಬರುತ್ತಿದ್ದವು. ನಡುದಾರಿಯಲ್ಲಿ ಗಾಡಿ ನಿಂತುಹೋದರೆ ಗಾರ್ಡ್ ಮಾಡಬೇಕಾದ ಮೊದಲ ಕೆಲಸವೆಂದರೆ ಹಿಂದೆ ಹೋಗಿ ನಿಂತು, ಬರುವ ಗಾಡಿಯನ್ನು ತಡೆಯುವುದು. ನಿದ್ದೆಗಣ್ಣಲ್ಲಿ ಕೇಳಿದರೂ ನಾನು ಇದನ್ನು ಹೇಳುತ್ತೇನೆ. ಆ ಹೊತ್ತಿನಲ್ಲಿ ನಾನು ಬಾವುಟವನ್ನು ತಲೆಯ ಮೇಲೆ ಹಿಡಿದುಕೊಂಡು ನಿಂತಿದ್ದೆ, ಕಾಲು ಏಳಲಿಲ್ಲ. ಲಗಾಮು ನೆಲಕ್ಕೆ ಬಿಟ್ಟುಕೊಂಡು ಎತ್ತಲಾದರೂ ಓಡಬಹುದಾಗಿದ್ದ ತಾವು ತಿರುಗಿ ಬಂದಿರಿ. ಅವಳ ಮೇಲೆ ಅಡ್ಡಲಾಗಿ, ಅವಳು ನಾಲ್ಕು ಕಾಲುಗಳ ನಡುವೆ ಬರುವ ಹಾಗೆ ನಿಂತು, ಕಿವಿ ಹಿಂದಕ್ಕೆ ಮಲಗಿಸಿ, ನುಗ್ಗಿ ಬರುವವರಿಗೆ ಎದೆ ಕೊಟ್ಟಿರಿ. ಅವು ಎರಡು ಪಾಲಾಗಿ ಬೇಲಿ ಸವರಿಕೊಂಡು ಹೋದವು. ಒಂದರ ಸವಾರ ಕಾಲಿಟ್ಟಿದ್ದ ರಿಕಾಪಿನ ಕಬ್ಬಿಣ ತಮ್ಮ ಪಕ್ಕೆಯನ್ನು ಗೀರಿ ರಕ್ತ ಬಂತು. ತಾವು ಕದಲಲಿಲ್ಲ. ಅವಳ ಮೈಮೇಲೆ ಒಂದು ಗೊರಸಿನ ಗುರುತೂ ಬೀಳಲಿಲ್ಲ.

ಅದು ನನ್ನ ಕೆಲಸವಾಗಿತ್ತು, ಅದನ್ನು ಮಾಡಿದ್ದು ತಾವು. ನನ್ನ ಹೆಂಡತಿಯನ್ನು ಉಳಿಸಿದವರನ್ನು ನಾನು ಇಟ್ಟಿಗೆ ಎಳೆಯಲು ಕಳಿಸುತ್ತಿದ್ದೇನೆ. ನನಗೆ ನಾಚಿಕೆಯಾಗುತ್ತಿದೆ, ಮಾನ್ಯರೇ, ಇದನ್ನು ಬೇರೆ ಮಾತಿನಲ್ಲಿ ಸುತ್ತಿ ಹೇಳಲು ನನಗೆ ಬರುವುದಿಲ್ಲ.

ಆದ್ದರಿಂದ ನನ್ನ ದೂರನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ವರದಿಯಿಂದ ನನ್ನ ಸಹಿಯನ್ನೂ ಹಿಂದಕ್ಕೆ ಪಡೆದು, ನಡೆದದ್ದನ್ನು ನಡೆದ ಹಾಗೆ ಒಂದೂವರೆ ಪುಟದಲ್ಲಿ ಬರೆದು ಇಂದು ಬೆಳಿಗ್ಗೆ ಸಮಿತಿಗೆ ಕೊಟ್ಟಿದ್ದೇನೆ. ಅಧ್ಯಕ್ಷಗಿರಿಗೂ ರಾಜೀನಾಮೆ ಕೊಟ್ಟಿದ್ದೇನೆ. ನಿಜ ಹೇಳಲು ಒಂದೂವರೆ ಪುಟ ಸಾಕಾಯಿತಲ್ಲ ಎಂದು ಆಶ್ಚರ್ಯವಾಯಿತು. ಬಾವುಟ ಮತ್ತು ಸೀಟಿಯನ್ನು ಕಾರ್ಯದರ್ಶಿಯವರ ಮೇಜಿನ ಮೇಲಿಟ್ಟು ಬಂದೆ. ಅವರು ಸೀಟಿಯನ್ನು ಒಮ್ಮೆ ಊದಿ ನೋಡಿದರು, ಖಜಾಂಚಿಯವರು ಮತ್ತೆ ಎದ್ದು ನಿಂತರು.

ಶುಕ್ರವಾರ ಏನಾಗುತ್ತದೋ ನನಗೆ ತಿಳಿಯದು. ತಾವು ಇಲ್ಲಿಯೇ ಉಳಿಯುವಂತಾದರೆ, ನನ್ನ ಹೆಂಡತಿಯ ಪ್ಲಾಸ್ಟರು ಬಿಚ್ಚಿದ ಮೇಲೆ ಅವಳನ್ನು ಮತ್ತೆ ಬೆನ್ನ ಮೇಲೆ ಹತ್ತಿಸಿಕೊಳ್ಳಬೇಕು. ನನ್ನನ್ನು ಕ್ಷಮಿಸಬೇಕೆಂದು ಕೋರುವ ಮುಖ ನನಗಿಲ್ಲ. ನಾನು ಬಂದಾಗ ಈಗಿನಂತೆಯೇ ಗೋಡೆಯ ಕಡೆ ತಿರುಗಿ ನಿಲ್ಲಬಹುದು, ಅದಕ್ಕೆ ನನ್ನ ಆಕ್ಷೇಪಣೆಯಿಲ್ಲ.

ಇಂತು, ಬೇಲಿಯ ಆಚೆ ನಿಲ್ಲಲು ಒಪ್ಪಿರುವ,
ತಮ್ಮ ವಿಶ್ವಾಸಿ,
ಮಾಜಿ ಗಾರ್ಡ್ ಹಾಗೂ ಇಂದಿನಿಂದ ಮಾಜಿ ಅಧ್ಯಕ್ಷ

ತಾ.ಕ.: ಈ ಪತ್ರದ ಪ್ರತಿಯನ್ನು ಸಮಿತಿಯ ಫಲಕಕ್ಕೂ ಹಚ್ಚಿದ್ದೇನೆ. ವರದಿಗೆ ಸಹಿ ಹಾಕಿದ ಏಳು ಜನರಲ್ಲಿ ಐವರು ಆ ಹೊತ್ತಿಗೆ ವೇದಿಕೆಯ ಹಿಂದೆ ತಣ್ಣನೆಯ ಶರಬತ್ತು ಕುಡಿಯುತ್ತಿದ್ದರು, ಆರನೆಯವರು ಡೋಲಿನ ಮೇಲಿದ್ದರು, ಏಳನೆಯವನು ನಾನು. ಕಣ್ಣಾರೆ ನೋಡಿದವರು ಮಾತ್ರ ಕೈ ಎತ್ತಬೇಕೆಂದು ನಿಯಮ ಮಾಡಿದರೆ ಶುಕ್ರವಾರ ಮತ ಹಾಕುವ ಅರ್ಹತೆ ಉಳಿಯುವುದು ನನಗೆ, ತಮಗೆ ಮತ್ತು ತಮ್ಮ ಕಾಲುಗಳ ನಡುವೆ ಮಲಗಿದ್ದ ನನ್ನ ಹೆಂಡತಿಗೆ. ಪತ್ರ ಓದಿ ನೋಡು ಎಂದು ಅವಳಿಗೆ ಕೊಟ್ಟಿದ್ದೆ. ಓದಿದಳು, ಎರಡು ಕಡೆ ಕಾಗುಣಿತ ತಿದ್ದಿದಳು, ಬಲಗೈ ಏಳದಿದ್ದರೆ ಎಡಗೈ ಎತ್ತುತ್ತೇನೆ ಎಂದಳು. ದೊಡ್ಡತ್ತೆಯವರ ವಿರುದ್ಧ ಕೈ ಎತ್ತಿದವರ ಹೆಸರುಗಳನ್ನು ಒಂದೊಂದಾಗಿ ಬರೆದುಕೊಳ್ಳುವ ಕೆಲಸವನ್ನು ನನಗೆ ವಹಿಸಿದ್ದಾಳೆ. ಆ ವರದಿ ಓದಿದ ದಿನದಿಂದ, ಬಾಗಿಲು ಹಾಕುವುದನ್ನು ಬಿಟ್ಟರೆ, ಅವಳು ನನಗೆ ಹೇಳಿದ ಮೊದಲ ಕೆಲಸ ಅದು, ಚಾಚೂ ತಪ್ಪದೆ ಮಾಡುತ್ತೇನೆ.